ಬಿಸಿನೀರು ಗಿರಾಕಿಗೆ, ಹೊಗೆ ಯಾರಿಗೆ?

ಕಲ್ಕತ್ತೆಯ ಚಳಿಗಾಲ ಬಹಳ ದಿನ ಇರುವುದಿಲ್ಲ. ಆದರೂ ಡಿಸೆಂಬರು, ಜನವರಿಯ ನಸುಕಿನಲ್ಲಿ ಲೇಕ್ ಮಾರ್ಕೆಟ್ಟಿನ ಗಲ್ಲಿಗಳಲ್ಲಿ ನಡೆದವರಿಗೆ ಅದರ ರುಚಿ ಗೊತ್ತು. ಕೆಳಗೆ ಘುಂಟೆ, ಅಂದರೆ ನಮ್ಮೂರಿನ ಬೆರಣಿ; ಮೇಲೆ ಕಲ್ಲಿದ್ದಲು ಇಲ್ಲವೆ ಇದ್ದಲ ಪುಡಿಯ ಗುಲ್. ಬೀದಿಯ ಉನೂನು ಹೊತ್ತಿಕೊಳ್ಳುವ ಮೊದಲೇ ಅದರ ಹೊಗೆ ನಮ್ಮ ಕಣ್ಣು ಹೊತ್ತಿಸುತ್ತದೆ.

ಈ ಚಳಿಗಾಲದಲ್ಲಿ ನಮ್ಮ ಸದಸ್ಯರು ಮೂರು ನಾಲ್ಕು ಕಡೆಯಿಂದ ಸಂಘಕ್ಕೆ ಬಂದು ಒಂದೇ ಪ್ರಶ್ನೆ ಕೇಳಿದ್ದಾರೆ. ಗ್ಯಾಸಿನ ಖರ್ಚು ತಾಳಲಾರದೆ ಯಜಮಾನರು ಸ್ನಾನದ ನೀರಿಗೂ ಇಡ್ಲಿಯ ಹಬೆಗೂ ಸೌದೆ, ಹೊಟ್ಟು, ಮರದ ಪುಡಿಯ ಗುಳಿಗೆ ಉರಿಸುವ ಬಾಯ್ಲರು ಕೂಡಿಸುತ್ತೇವೆನ್ನುತ್ತಾರೆ; ನಾವು ಒಪ್ಪಬೇಕೋ, ಬೇಡವೋ? ಪ್ರಶ್ನೆ ಸಣ್ಣದಲ್ಲ. ಆದುದರಿಂದ ಈ ಸಂಚಿಕೆಯ ಅಗ್ರಲೇಖನವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಇದನ್ನು ಬರೆಯುವವನು ಪುಸ್ತಕ ಓದಿ ಒಲೆಯನ್ನು ತಿಳಿದವನಲ್ಲ. ಏಳನೆಯ ತರಗತಿ ಮುಗಿಸಿ, ಕುಂದಾಪುರದ ಕಡೆಯಿಂದ ಊರವರೊಬ್ಬರ ಬೆನ್ನು ಹಿಡಿದು ಈ ಪಟ್ಟಣಕ್ಕೆ ಬಂದ ನನಗೆ ಮೊದಲು ಸಿಕ್ಕಿದ್ದು ಮಾಣಿಯ ಕೆಲಸವಲ್ಲ, ಹಂಡೆ ಒಲೆಯ ಕೆಲಸ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಆಜ್ಞೆ ಜಾರಿಗೆ ಬಂದದ್ದು ೨೦೦೬ರ ಅಕ್ಟೋಬರ್ ೧೦ರಂದು. ನನ್ನದು ಅದಕ್ಕೆ ಹಿಂದಿನ ಮಾತು. ಬೆಳಗಿನ ಮೂರೂವರೆಗೆ ಎದ್ದು, ಗಿರಾಕಿಗಳು ಏಳುವ ಹೊತ್ತಿಗೆ ಕೋಣೆ ಕೋಣೆಗೂ ಬಕೇಟು ಮುಟ್ಟಿಸಬೇಕು. ಸೌದೆ ಹಸಿ. ಹೊಗೆ ಹೋಗಲು ಇದ್ದ ಒಂದೇ ಕಿಂಡಿಗೆ ಮಳೆ ಇರಚಲು ಬರುತ್ತದೆಂದು ತಗಡು ಬಡಿದಿದ್ದರು. ಊದುಕೊಳವೆ ಊದಿ ಊದಿ ಎದೆ ಉರಿದರೆ, ‘ಹೊಸದರಲ್ಲಿ ಹಾಗೇ, ಆಮೇಲೆ ಅಭ್ಯಾಸವಾಗುತ್ತದೆ’ ಎಂದು ಹಿರಿಯರು ಹೇಳಿದರು. ಅಭ್ಯಾಸವಾದದ್ದು ಕೆಮ್ಮು.

ಒಂದು ಜನವರಿಯ ರಾತ್ರಿ ಚಳಿ ತಡೆಯದೆ ನಾವು ಮೂವರು ಒಲೆಯ ಕೆಂಡವನ್ನು ಬಾಣಲೆಗೆ ಸುರಿದು ಮಲಗುವ ಕೋಣೆಗೆ ತಂದಿಟ್ಟು ಬಾಗಿಲು ಮುಚ್ಚಿದೆವು. ಹೊಗೆ ಇರಲಿಲ್ಲ, ಆದ್ದರಿಂದ ಭಯವೂ ಇರಲಿಲ್ಲ. ನಸುಕಿನಲ್ಲಿ ಹಾಲಿನವನು ಬಾಗಿಲು ಬಡಿದಾಗ ನನಗೆ ತಲೆ ಸಿಡಿಯುತ್ತಿತ್ತು, ಕಾಲು ಏಳುತ್ತಿರಲಿಲ್ಲ. ಪಕ್ಕದ ಹುಡುಗನಿಗೆ ಪ್ರಜ್ಞೆಯೇ ಇರಲಿಲ್ಲ. ಹೊರಗೆ ಎಳೆದು ಗಾಳಿಯಲ್ಲಿ ಮಲಗಿಸಿದ ಮೇಲೆ ಅವನು ಉಸಿರು ತಿರುಗಿದ. ‘ಚಳಿ ಹತ್ತಿದೆ, ಶುಂಠಿ ಕಷಾಯ ಕೊಡಿ’ ಎಂದರು. ನಮ್ಮನ್ನು ಕೊಲ್ಲಬಂದದ್ದರ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದರ ಹೆಸರು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಸೌದೆಗೆ, ಇದ್ದಲಿಗೆ ಸಾಕಷ್ಟು ಗಾಳಿ ಸಿಕ್ಕದೆ ಅರೆಬರೆ ಉರಿದಾಗ ಹುಟ್ಟುತ್ತದೆ. ನಮ್ಮ ರಕ್ತ ಪ್ರಾಣವಾಯುವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಈ ವಿಷಗಾಳಿಯನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳದ ನಿದ್ದೆ. ಹೊಗೆಯಾದರೆ ಕಣ್ಣಿಗೆ ಚುಚ್ಚಿ ಎಬ್ಬಿಸುತ್ತದೆ. ಕೆಂಡ ಜೋಗುಳ ಹಾಡಿ ಮಲಗಿಸುತ್ತದೆ.

ಈ ಪಟ್ಟಣಕ್ಕೆ ಹೊಗೆಯ ಚಿಂತೆ ಹೊಸದಲ್ಲ. ಕಲ್ಕತ್ತೆ ಹೌರಾಗಳ ಹೊಗೆಯ ಉಪದ್ರವ ತಡೆಯಲು ೧೮೬೩ರಲ್ಲೇ ಒಂದು ಕಾನೂನು ಬಂತು. ೧೯೦೫ರಲ್ಲಿ ಬಂಗಾಳದ ಹೊಗೆ ಉಪದ್ರವ ಕಾಯಿದೆ ಬಂತು. ಆ ಕಾನೂನುಗಳ ಕಣ್ಣು ಇದ್ದದ್ದು ಗಿರಣಿ ಕಾರ್ಖಾನೆಗಳ ಕುಲುಮೆಗಳ ಮೇಲೆ. ಹೂಗ್ಲಿಯ ದಡದ ಸೆಣಬಿನ ಗಿರಣಿಗಳಿಗೆ ಎತ್ತರದ ಚಿಮಣಿಗಳಿದ್ದವು. ಹೋಟೆಲಿನ ಒಲೆಗೆ ಮಾತ್ರ ಅದರ ಮುಂದೆ ಕೂತವನ ಎದೆಗೂಡೇ ಚಿಮಣಿಯಾಗಿ ಉಳಿಯಿತು.

ಆಮೇಲೆ ಗ್ಯಾಸು ಬಂತು. ಇಂಡೇನ್ ಅಡಿಗೆ ಅನಿಲದ ಮೊದಲನೆಯ ಸಂಪರ್ಕ ಕೊಟ್ಟದ್ದು ಇದೇ ಕಲ್ಕತ್ತೆಯಲ್ಲಿ, ೧೯೬೫ರ ಅಕ್ಟೋಬರ್ ೨೨ರಂದು. ಅದು ಹೋಟೆಲಿನ ಅಡಿಗೆಮನೆಗೆ ಹಬ್ಬಲು ಬಹಳ ವರ್ಷಗಳಾದವು. ಆದರೆ ಬಂದ ಕಡೆಯಲ್ಲೆಲ್ಲ ಭಟ್ಟರ ಕಣ್ಣು ತಿಳಿಯಾಯಿತು, ಗೋಡೆ ಬೆಳ್ಳಗಾಯಿತು. ಈ ಉಪಕಾರವನ್ನು ನಾವು ಮರೆಯಬಾರದು. ಇತ್ತ, ದೇಶಕ್ಕೆ ಬೇಕಾದ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ಎಲ್ಲಿಯೋ ಸಮುದ್ರದಾಚೆ ಗಲಭೆಯಾದರೆ ಇಲ್ಲಿಯ ಸಿಲಿಂಡರಿನ ಬೆಲೆ ಹಾರುತ್ತದೆ. ಯಜಮಾನರು ಮತ್ತೆ ಸೌದೆಯ ಕಡೆ ನೋಡುವುದು ಸುಮ್ಮನೆ ಅಲ್ಲ. ಸಣ್ಣ ಹೋಟೆಲು ನಡೆಸುವವರ ಕಷ್ಟ ನಮಗೂ ತಿಳಿದಿದೆ. ಹೋಟೆಲು ಮುಚ್ಚಿದರೆ ನಮಗೆ ಊಟವಿಲ್ಲ.

ಹಾಗಾದರೆ ಸೌದೆ, ಹೊಟ್ಟು ಕೆಟ್ಟದ್ದೆ? ಅಲ್ಲ ಎಂದೇ ನಮ್ಮ ಉತ್ತರ. ಕಲ್ಲಿದ್ದಲು ಒಮ್ಮೆ ಅಗೆದರೆ ಮುಗಿಯಿತು. ಮರ ಮತ್ತೆ ಬೆಳೆಯುತ್ತದೆ, ಭತ್ತ ವರ್ಷ ವರ್ಷವೂ ಹೊಟ್ಟು ಕೊಡುತ್ತದೆ. ಬಂಗಾಳ ಭತ್ತದ ನಾಡು. ನಮ್ಮ ಮಲೆನಾಡಿನ ಕಡೆ ಅಡಕೆಯ ಸಿಪ್ಪೆ, ಕಾಫಿಯ ಹೊಟ್ಟು ಇರುವ ಹಾಗೆ ಇಲ್ಲಿ ಭತ್ತದ ಹೊಟ್ಟು. ಚಿಕ್ಕಮಗಳೂರು, ಕೊಡಗುಗಳಲ್ಲಿ ಪ್ರವಾಸಿಗಳನ್ನು ಇಳಿಸಿಕೊಳ್ಳುವ ತೋಟದ ಮನೆಗಳಲ್ಲಿ ಇಂದಿಗೂ ಸೌದೆಯ ಹಂಡೆಯ ಬಿಸಿನೀರೆಂದರೆ ಅತಿಥಿಗಳಿಗೆ ಪ್ರೀತಿ. ತಪ್ಪು ಸೌದೆಯದಲ್ಲ, ಒಲೆಯದು.

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಹತ್ತು ಪಾಲಿನಲ್ಲಿ ಸುಮಾರು ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ, ನಮ್ಮ ಮುಖಕ್ಕೆ. ಇದನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕೆಂದು ೧೯೭೪ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ತೆರೆದು, ಮುಂದೆ ಅಸ್ತ್ರ ಒಲೆಯನ್ನು ಕಟ್ಟಿ ತೋರಿಸಿದರು. ಮುಚ್ಚಿದ ಉರಿಗೂಡು, ಕೆಳಗಿನಿಂದ ಗಾಳಿ ಬರಲು ಜಾಲರಿ, ಹೊಗೆ ಹೊರಗೆ ಹೋಗಲು ಕೊಳವೆ, ಪಾತ್ರೆ ಸರಿಯಾಗಿ ಕೂರುವ ಬಾಯಿ. ಇಷ್ಟರಿಂದಲೇ ಪಾತ್ರೆಗೆ ಸೇರುವ ಕಾವು ಮೂರು ಪಟ್ಟು ಹೆಚ್ಚಿತು. ಇಂದಿನ ಗುಳಿಗೆಯ ಬಾಯ್ಲರಿನ ಗುಟ್ಟೂ ಇದೇ: ಒಣಗಿದ ಇಂಧನ, ಅಳತೆಯ ಗಾಳಿ, ಕಾದ ಉರಿಗೂಡು, ಎತ್ತರದ ಚಿಮಣಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹೊಸ ಬಾಯ್ಲರು ಹಳೆಯ ಹಂಡೆ ಒಲೆಯೇ.

ಹೊಗೆಯನ್ನು ಹಗುರವಾಗಿ ಎಣಿಸುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನೆಯೊಳಗೆ ಕಲ್ಲಿದ್ದಲು ಉರಿಸಿದ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ನಿಶ್ಚಯಿಸಿದೆ; ಸೌದೆಯ ಹೊಗೆಯನ್ನು ‘ತರುವ ಸಂಭವ ಹೆಚ್ಚು’ ಎಂಬ ಪಟ್ಟಿಗೆ ಸೇರಿಸಿದೆ. ಮನೆಯ ಒಲೆಗಳ ಹೊಗೆಯಿಂದ ೨೦೨೦ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ಅದೇ ಸಂಸ್ಥೆ ಲೆಕ್ಕ ಹಾಕಿದೆ. ಮನೆಯ ಒಲೆ ದಿನಕ್ಕೆ ಎರಡು ಹೊತ್ತು ಉರಿಯುತ್ತದೆ. ಹೋಟೆಲಿನ ಒಲೆ ಎಷ್ಟು ಹೊತ್ತು ಉರಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಈಗ ಯಜಮಾನರ ಲೆಕ್ಕದ ಪುಸ್ತಕದಲ್ಲಿ ಬರೆಯದ ಒಂದು ಲೆಕ್ಕ ನೋಡೋಣ. ೧೯ ಕೆ.ಜಿ.ಯ ಒಂದು ಸಿಲಿಂಡರಿನಲ್ಲಿರುವ ಕಾವಿಗೆ ಸಮನಾಗಿ ಸುಮಾರು ೫೦ ಕೆ.ಜಿ. ಒಣ ಸೌದೆ ಬೇಕು. ಒಲೆ ಕೆಟ್ಟದ್ದಾದರೆ, ಸೌದೆ ಹಸಿಯಾದರೆ ಇನ್ನೂ ಹೆಚ್ಚು. ಗ್ಯಾಸಿಗೆ ಗುಂಡಿ ತಿರುಗಿಸಿದರೆ ಆಯಿತು. ಆ ೫೦ ಕೆ.ಜಿ.ಯನ್ನು ಹೊರುವವನು ಯಾರು? ಒಡೆಯುವವನು ಯಾರು? ಗಳಿಗೆ ಗಳಿಗೆಗೂ ತುಂಬುವವನು, ಮಸಿ ಕೆರೆಯುವವನು, ಬೂದಿ ಎತ್ತುವವನು ಯಾರು? ಭತ್ತದ ಹೊಟ್ಟು ಸುಟ್ಟರೆ ಐದರಲ್ಲಿ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಬಹುಪಾಲು ಸಿಲಿಕದ ಆ ಸಣ್ಣ ಧೂಳು ಎದೆಗೆ ಹೋಗಬಾರದ್ದು. ಇಂಧನದಲ್ಲಿ ಉಳಿಯುವ ಹಣವೆಲ್ಲ ಉಳಿತಾಯವಲ್ಲ. ಅದರಲ್ಲಿ ಒಂದು ಪಾಲು ನಮ್ಮ ಬೆನ್ನಿನ ಮೇಲೆ ಬರೆದ ಸಾಲ. ಮೇಜು ಒರೆಸುವ ಹುಡುಗನಿಗೇ ‘ಅದನ್ನೂ ನೋಡಿಕೋ’ ಎಂದರೆ ನಾವು ಒಪ್ಪಲಾಗದು.

ಗಿರಣಿಯ ಬಂಧುಗಳು ಇಲ್ಲಿ ನಮಗೆ ದಾರಿ ತೋರಬಲ್ಲರು. ಗಿರಣಿಯಲ್ಲಿ ಬಾಯ್ಲರು ನೋಡುವವನಿಗೆ ಅರ್ಹತೆಯ ಪತ್ರ ಬೇಕು. ಇನ್‌ಸ್ಪೆಕ್ಟರರು ಬಂದು ತಪಾಸಣೆ ಮಾಡಬೇಕು. ೧೯೨೩ರ ಬಾಯ್ಲರು ಕಾಯಿದೆಯ ಜಾಗಕ್ಕೆ ೨೦೨೫ರಲ್ಲಿ ಹೊಸ ಕಾಯಿದೆ ಬಂದಿದೆ. ಆದರೆ ೨೫ ಲೀಟರಿಗಿಂತ ಕಡಿಮೆ ಹಿಡಿಯುವುದು, ಚದರ ಸೆಂಟಿಮೀಟರಿಗೆ ಒಂದು ಕೆ.ಜಿ.ಗಿಂತ ಕಡಿಮೆ ಒತ್ತಡದ್ದು, ನೀರನ್ನು ನೂರು ಡಿಗ್ರಿಯೊಳಗೆ ಕಾಯಿಸುವುದು, ಇವೆಲ್ಲ ಆ ಕಾಯಿದೆಯ ಹೊರಗೆ. ಅಂದರೆ ಸ್ನಾನದ ನೀರಿನ ಒಲೆಯನ್ನೂ ಇಡ್ಲಿಯ ಸಣ್ಣ ಹಬೆಪಾತ್ರೆಯನ್ನೂ ನೋಡಲು ಬಾಯ್ಲರು ಇನ್‌ಸ್ಪೆಕ್ಟರರು ಬರುವುದಿಲ್ಲ. ಕಾಯಿದೆಯ ಕಣ್ಣು ಎಲ್ಲಿ ತಲುಪುವುದಿಲ್ಲವೋ ಅಲ್ಲಿ ಸಂಘದ ಕಣ್ಣು ತೆರೆದಿರಬೇಕು.

ಇನ್ನೊಂದು ಕಡೆಯಿಂದಲೂ ಅಪಾಯವಿದೆ. ಮುಂಬಯಿಯಲ್ಲಿ ೨೦೨೫ರ ಜನವರಿ ೯ರಂದು ಹೈಕೋರ್ಟು, ಸೌದೆ ಇದ್ದಲು ಉರಿಸುವ ಬೇಕರಿಗಳೂ ತಂದೂರಿ ಭಟ್ಟಿಗಳೂ ಆರು ತಿಂಗಳೊಳಗೆ ಗ್ಯಾಸು ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಪಟ್ಟಣದ ಗಾಳಿ ಶುದ್ಧವಾಗಬೇಕೆಂಬುದು ನ್ಯಾಯವೇ. ಆ ಗಾಳಿಯನ್ನು ನಮ್ಮ ಮಕ್ಕಳೂ ಉಸಿರಾಡುತ್ತಾರೆ. ಆದರೆ ಅಂಥ ಆಜ್ಞೆ ನಾಳೆ ಇಲ್ಲಿಗೂ ಬಂದರೆ, ಭಟ್ಟಿ ಬದಲಾಯಿಸಲು ಹಣವಿಲ್ಲದ ಯಜಮಾನ ಬಾಗಿಲು ಹಾಕಿದರೆ, ಭಟ್ಟಿಯವನ ಗತಿ ಏನು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತಾಗಬಾರದು. ಇಂದು ಕೂಡಿಸುವ ಒಲೆ ನಾಳೆಯ ಕಾನೂನಿಗೂ ತಡೆಯುವಂಥದಾಗಿರಲಿ ಎನ್ನುವುದು ಯಜಮಾನರ ಹಿತವೂ ಹೌದು, ನಮ್ಮ ಹಿತವೂ ಹೌದು.

ಆದುದರಿಂದ ನಮ್ಮ ಸಲಹೆ ಇದು: ಹೊಸ ಒಲೆಯನ್ನು ವಿರೋಧಿಸಬೇಡಿ; ಷರತ್ತಿಲ್ಲದೆ ಒಪ್ಪಲೂ ಬೇಡಿ. ಷರತ್ತುಗಳು ಆರು.

ಮೊದಲನೆಯದು, ಛಾವಣಿಗಿಂತ ಎತ್ತರದ ಚಿಮಣಿ ಮತ್ತು ಮುಚ್ಚಲಾಗದ ಗಾಳಿಕಿಂಡಿ. ಚಿಮಣಿಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಸಬೇಕು.

ಎರಡನೆಯದು, ಬಾಯ್ಲರಿನ ಕೋಣೆಯಲ್ಲಾಗಲಿ ಅದಕ್ಕೆ ತಾಗಿದ ಕೋಣೆಯಲ್ಲಾಗಲಿ ಯಾರೂ ಮಲಗಬಾರದು. ಕಾರ್ಮಿಕರಿಗೆ ಬೇರೆ ಮಲಗುವ ಜಾಗ, ಚಳಿಗೆ ಕಂಬಳಿ ಕೊಡಬೇಕು.

ಮೂರನೆಯದು, ಇಂಧನ ಒಣಗಿದ್ದಾಗಿರಬೇಕು, ಅದರ ಉಗ್ರಾಣಕ್ಕೆ ಗಾಳಿ ಆಡಬೇಕು. ಮುಚ್ಚಿದ ಉಗ್ರಾಣದಲ್ಲಿ ಮರದ ಗುಳಿಗೆ ತನ್ನಷ್ಟಕ್ಕೆ ಅದೇ ವಿಷಗಾಳಿಯನ್ನು ಬಿಡುತ್ತದೆ. ಯೂರೋಪಿನಲ್ಲಿ ಅಂಥ ಉಗ್ರಾಣಕ್ಕೆ ಇಳಿದವರು ಸತ್ತದ್ದುಂಟು.

ನಾಲ್ಕನೆಯದು, ಒಲೆ ನೋಡುವವನು ಗೊತ್ತಾದ ಆಳಾಗಿರಬೇಕು, ಹದಿನೆಂಟು ತುಂಬಿದವನಾಗಿರಬೇಕು. ಅವನಿಗೆ ಕೆಲಸ ಕಲಿಸಿ, ಅದಕ್ಕೆ ತಕ್ಕ ಸಂಬಳ, ಗೊತ್ತಾದ ಪಾಳಿ, ಕೈಗವಸು, ಬೂದಿ ಎತ್ತುವಾಗ ಮೂಗು ಬಾಯಿಗೆ ಸರಿಯಾದ ಮುಸುಕು ಕೊಡಬೇಕು.

ಐದನೆಯದು, ವರ್ಷಕ್ಕೊಮ್ಮೆ ಅವನ ಎದೆಯ ಪರೀಕ್ಷೆ ಯಜಮಾನರ ಖರ್ಚಿನಲ್ಲಿ ಆಗಬೇಕು. ಹತ್ತು ಜನ ದುಡಿಯುವಲ್ಲೆಲ್ಲ ಇ.ಎಸ್.ಐ. ಕಾರ್ಡು ಕೈಯಲ್ಲಿರಬೇಕು.

ಆರನೆಯದು, ತಾರಸಿಯಲ್ಲಿ ಜಾಗವಿದ್ದಲ್ಲಿ ಸ್ನಾನದ ನೀರನ್ನು ಮೊದಲು ಬಿಸಿಲಿಗೆ ಕಾಯಿಸುವ ಏರ್ಪಾಡಾಗಲಿ. ಬಿಸಿಲಿಗೆ ಸೌದೆ ಹೊರುವವನು ಬೇಕಾಗಿಲ್ಲ, ಬೂದಿಯೂ ಇಲ್ಲ.

ಯಜಮಾನರಿಗೆ ಹೇಳಿದ ಮೇಲೆ ನಮಗೆ ನಾವೇ ಹೇಳಿಕೊಳ್ಳುವ ಮಾತೂ ಇದೆ. ಗಾಳಿಕಿಂಡಿಗೆ ಗೋಣಿ ತುರುಕುವವರು ನಾವೇ. ಬೇಗ ಹತ್ತಲೆಂದು ಒಲೆಗೆ ಪ್ಲಾಸ್ಟಿಕ್ ಚೀಲ ಹಾಕುವವರು ನಾವೇ. ಕೆಂಡದ ಬಾಣಲೆಯನ್ನು ಮಂಚದಡಿಗೆ ತಳ್ಳುವವರೂ ನಾವೇ. ಕಳೆದ ೨೦೨೫ರ ಏಪ್ರಿಲ್ ೨೯ರ ರಾತ್ರಿ ಬಡಾಬಜಾರಿನ ಮೆಚ್ಚುವಾದ ಒಂದು ಹೋಟೆಲಿಗೆ ಬೆಂಕಿ ಬಿದ್ದು ೧೪ ಜನ ಸತ್ತರು. ಕಾರಣ ಬೇರೆ, ಒಲೆಯದಲ್ಲದೆ ಇರಬಹುದು. ಆದರೆ ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊರಗೆ ಹೋಗಲು ದಾರಿಯಿಲ್ಲದ ಹೊಗೆ. ತಲೆನೋವು, ವಾಕರಿಕೆ ಒಟ್ಟಿಗೆ ಇಬ್ಬರು ಮೂವರಿಗೆ ಬಂದರೆ ಕಷಾಯ ಕಾಯಿಸುತ್ತ ಕೂರಬೇಡಿ. ಬಾಗಿಲು ತೆರೆಯಿರಿ, ಅವರನ್ನು ಬಯಲಿಗೆ ತನ್ನಿ, ಆಸ್ಪತ್ರೆಗೆ ಒಯ್ಯಿರಿ.

ಮುಂದಿನ ತಿಂಗಳ ಸಭೆಗೆ ಪ್ರತಿ ಹೋಟೆಲಿನಿಂದ ಒಬ್ಬ ಸದಸ್ಯನಾದರೂ ಒಂದು ಚೀಟಿ ತರಬೇಕು. ನಮ್ಮಲ್ಲಿ ಏನು ಉರಿಸುತ್ತಾರೆ, ಹೊಗೆ ಎಲ್ಲಿಂದ ಹೋಗುತ್ತದೆ, ಒಲೆಯ ಮುಂದೆ ಕೂರುವವನ ಹೆಸರೇನು, ಅವನು ಎಲ್ಲಿ ಮಲಗುತ್ತಾನೆ: ಈ ನಾಲ್ಕು ಪ್ರಶ್ನೆಗೆ ಉತ್ತರ ಸಾಕು. ಅಕ್ಷರ ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತೇವೆ. ಆ ಚೀಟಿಗಳನ್ನು ಹಿಡಿದು ಸಂಘದ ಪ್ರತಿನಿಧಿಗಳು ಯಜಮಾನರೊಂದಿಗೆ ಮಾತಿಗೆ ಕೂರುವರು.

ನನ್ನ ಹಂಡೆ ಒಲೆಯ ದಿನಗಳಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಇಂದು ಯಾವುದಾದರೂ ಹೋಟೆಲಿನ ಹಿತ್ತಿಲಲ್ಲಿ ಅದೇ ಒಲೆಯ ಮುಂದೆ ಕೂತವನೊಬ್ಬನಿದ್ದರೆ, ಕೇಳುವುದು ನಮ್ಮ ಕೆಲಸ.