ನೀರು ತಾಗಿದರೆ ಎಚ್ಚರಗೊಳ್ಳುವ ಕಾಗದ

ಕರ್ನಾಟಕ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. ಆ 61 ದಿನ ಮಲ್ಪೆಯ ಬೋಟಿನ ಕ್ಯಾಬಿನ್ನಿನಲ್ಲಿ ಬಿದ್ದಿದ್ದ ಟಾರ್ಚನ್ನು ಆಗಸ್ಟಿನಲ್ಲಿ ಬಿಚ್ಚಿದರೆ ಸೆಲ್ ಒಸರಿ ಬಿಳಿ ಹುಡಿ ಕಟ್ಟಿರುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿದಿರುತ್ತದೆ. ಉಪ್ಪುಗಾಳಿಯ ಊರಿನಲ್ಲಿ ವಿದ್ಯುತ್ತನ್ನು ಕೂಡಿಡುವುದೇ ಕಷ್ಟ. ಬೇಕಾದ ಹೊತ್ತಿಗಷ್ಟೇ ಹುಟ್ಟುವ ವಿದ್ಯುತ್ತಿನ ಮೇಲೆ ನನಗಿರುವ ಆಸೆಗೆ ಇದೇ ಕಾರಣ.

ಹುವಾನ್ ಪಾಬ್ಲೊ ಎಸ್ಕಿವೆಲ್, ನೆಯುಸ್ ಸಬಾತೆ ಮತ್ತು ಸಂಗಡಿಗರು 2014ರಲ್ಲಿ ಬಾರ್ಸಿಲೋನಾದಿಂದ ಇಂಧನ ಹರಿದುಬರುವಷ್ಟು ಹೊತ್ತು ವಿದ್ಯುತ್ತು ಹುಟ್ಟಿಸುವ ಕಾಗದದ ಇಂಧನ ಕೋಶವೊಂದನ್ನು ಪ್ರಕಟಿಸಿದರು. ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಹನಿ ತಾನಾಗಿ ಹರಿದು ಗೆರೆ ಮೂಡಿಸುತ್ತದಲ್ಲ, ಆ ಬಗೆಯ ಪಟ್ಟಿಯ ಮೇಲೆಯೇ ಅದನ್ನು ಕಟ್ಟಿದ್ದರು. ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಕಾಗದದ ನಾರು ದ್ರವವನ್ನು ಎಳೆದುಕೊಳ್ಳುತ್ತದೆ, ಪಂಪು ಬೇಡ. ಇಂಥ ಕೆಲವು ಕೋಶಗಳಲ್ಲಿ ಎರಡು ದ್ರವಗಳು ಬೆರೆಯದೆ ಅಕ್ಕಪಕ್ಕ ಸಾಗುವುದರಿಂದ ನಡುವಿನ ದುಬಾರಿ ಪೊರೆಯೂ ಬೇಡ. ಮೊಬೈಲ್ ಚಾರ್ಜ್ ಮಾಡುವ ಕಸುವು ಇದಕ್ಕಿಲ್ಲ. ಒಂದೇ ಸಲ ಬಳಸಿ ಬಟನ್ ಸೆಲ್ ಸಮೇತ ಎಸೆಯುವ ಪರೀಕ್ಷಾ ಕಿಟ್ಟುಗಳಿಗೆ ಇದು ಸಾಕು.

ಕಡಲಿಗೆ ಹತ್ತಿರವಾದದ್ದು ಇನ್ನೊಂದು. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯಲ್ಲಿ ಗುಸ್ತಾವ್ ನೈಸ್ಟ್ರೋಮ್ ತಂಡ 2022ರಲ್ಲಿ ಉಪ್ಪು ಹೀರಿಸಿದ ಕಾಗದದ ಒಂದು ಮಗ್ಗುಲಿಗೆ ಗ್ರಾಫೈಟ್ ಶಾಯಿ, ಇನ್ನೊಂದಕ್ಕೆ ಸತುವಿನ ಶಾಯಿ ಮುದ್ರಿಸಿತು. ಎರಡು ಹನಿ ನೀರು ಬಿದ್ದು ಉಪ್ಪು ಕರಗಿದರೆ 20 ಸೆಕೆಂಡಿನಲ್ಲಿ ಕೋಶ ಚಾಲೂ, 1.2 ವೋಲ್ಟ್. ಸತುವೇ ಸವೆಯುವುದರಿಂದ ಇದನ್ನು ಇಂಧನ ಕೋಶ ಎನ್ನಲಾಗದು, ಬ್ಯಾಟರಿಯೇ. ಅಂಥ ಎರಡು ಕೋಶಗಳಿಂದ ಅಲಾರಂ ಗಡಿಯಾರ ನಡೆಯಿತು. ಒಂದು ಗಂಟೆಯ ಬಳಿಕ ಕಾಗದ ಒಣಗಿ ಕಸುವು ಇಳಿಯಿತು.

2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೊರಟ ಮೀನುಗಾರಿಕಾ ಬೋಟು ‘ಸುವರ್ಣ ತ್ರಿಭುಜ’ ಮರಳಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರತಳದಲ್ಲಿ ಗುರುತಿಸಿತು. ನೀರು ತಾಗಿದೊಡನೆ ಉರಿಯುವ ದೀಪವೊಂದು ಅವರ ಮೈಮೇಲಿದ್ದಿದ್ದರೆ ಏನಾಗುತ್ತಿತ್ತೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ನೀರಿಗೆ ಬಿದ್ದವನ ಮೈಮೇಲೆ ಬೆಳಕೊಂದಿರಲಿ ಎಂದು ಕೇಳಲು ಬೇರೆ ಕಾರಣ ಬೇಕಿಲ್ಲ. ದೊಡ್ಡ ಹಡಗುಗಳ ಲೈಫ್ ಜಾಕೆಟ್ಟಿನಲ್ಲಿ ಉಪ್ಪುನೀರು ತಾಗಿದರೆ ಉರಿಯುವ ದೀಪ ಹಿಂದಿನಿಂದಲೂ ಇದೆ. ಅಂತಾರಾಷ್ಟ್ರೀಯ ನಿಯಮದಂತೆ ಅಂಥ ದೀಪ 0.75 ಕ್ಯಾಂಡೆಲಾ ಬೆಳಕನ್ನು ಎಂಟು ಗಂಟೆ ಕೊಡಬೇಕು. ಮೀನುಗಾರಿಕಾ ಬೋಟುಗಳು ಆ ನಿಯಮದ ಹೊರಗಿವೆ. ಅಲ್ಲಿ ಬೆಲೆಯೇ ಮುಖ್ಯ, ಮುದ್ರಿಸಿದ ಕಾಗದ ಅಗ್ಗವಾಗಬಲ್ಲದು.

ಕಡಲಲ್ಲಿ ಕಾಗದ ಒಣಗುವ ಚಿಂತೆಯಿಲ್ಲ, ಇರುವುದು ಬೇರೆ ಎರಡು ಕುತ್ತು. ಸಾಲಾಗಿ ಜೋಡಿಸಿದ ಕೋಶಗಳೆಲ್ಲ ಒಂದೇ ಉಪ್ಪುನೀರಿನಲ್ಲಿ ಮುಳುಗಿದರೆ ನೀರಿನ ಮೂಲಕವೇ ವಿದ್ಯುತ್ತು ಸೋರಿಹೋಗುತ್ತದೆ. ಹಾಗಾಗಿ ಪ್ರತಿ ಕೋಶಕ್ಕೂ ಬೇರೆಬೇರೆ ಬತ್ತಿಯಿಂದ ಹನಿ ಮುಟ್ಟಿಸಬೇಕು. ಆಷಾಢದ ಒದ್ದೆ ಗಾಳಿ ಕ್ಯಾಬಿನ್ನಿನಲ್ಲಿರುವಾಗಲೇ ಕಾಗದವನ್ನು ಎಬ್ಬಿಸೀತು, ಅದಕ್ಕೆ ಗಾಳಿಯಾಡದ ಲಕೋಟೆ ಬೇಕು, ಮುಳುಗಿದಾಗ ಅದು ತೆರೆದುಕೊಳ್ಳಲೂ ಬೇಕು. ಈ ಎರಡನೆಯದನ್ನು ಬಗೆಹರಿಸಲು ಕರಾವಳಿಯ ಮಳೆಗಾಲಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು. ಮಣಿಪಾಲದಲ್ಲಿ ತಾಂತ್ರಿಕ ಕಾಲೇಜೂ ಇದೆ, ಹೆಸರಾಂತ ಮುದ್ರಣಾಲಯವೂ ಇದೆ. ಅಲ್ಲಿಂದ ಮಲ್ಪೆಯ ದಕ್ಕೆಗೆ ಬಸ್ಸಿನಲ್ಲೇ ಹೋಗಿಬರಬಹುದು. ಒಂದು ಗಂಟೆಯ ಕಾಗದವನ್ನು ಎಂಟು ಗಂಟೆಗೆ ಮುಟ್ಟಿಸುವ ಕೆಲಸ ಇಲ್ಲಿಯೇ ಶುರುವಾಗಲಿ.