ವಿದ್ಯುತ್ ಕಾರಿನ ಟೈರು: ಅಗ್ಗವೆಂಬ ಭ್ರಮೆ

ಮುಂಬಯಿ, ಪುಣೆಗಳ ಬೀದಿಗಳಲ್ಲಿ ಸದ್ದಿಲ್ಲದೆ ಸಾಗುವ ವಿದ್ಯುತ್ ಕಾರುಗಳು ಈಗ ಯಾರಿಗೂ ಸೋಜಿಗದ ವಸ್ತುಗಳಾಗಿ ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ಇವು ಸಿರಿವಂತರ ಆಟಿಕೆಗಳೆಂದೇ ಜನ ಭಾವಿಸಿದ್ದರು. 2020ರಲ್ಲಿ ಟಾಟಾ ನೆಕ್ಸಾನಿನ, 2022ರಲ್ಲಿ ಟಿಯಾಗೊದ ವಿದ್ಯುತ್ ಮಾದರಿಗಳು ಪೇಟೆಗೆ ಬಂದ ಮೇಲೆ ಆ ಭಾವನೆ ಬದಲಾಯಿತು. ಹೋಟೇಲಿನ ದುಡಿಮೆಯನ್ನು ಬಿಟ್ಟು ಟ್ಯಾಕ್ಸಿಯ ಚಕ್ರ ಹಿಡಿದ ನಮ್ಮ ತರುಣರುಂಟು. ಬ್ಯಾಂಕಿನ ಸಾಲ ಪಡೆದು, ತಿಂಗಳ ಸಂಬಳದಲ್ಲಿ ಕಂತು ಕಟ್ಟುತ್ತ ಚಿಕ್ಕ ವಿದ್ಯುತ್ ಕಾರೊಂದನ್ನು ಕೊಂಡ ಗುಮಾಸ್ತರೂ ಉಂಟು. ಹೀಗೆ ಮೊದಲ ವರ್ಷಗಳಲ್ಲಿ ಕೊಂಡ ಕಾರುಗಳಿಗೆ ಈಗ ಹೊಸ ಟೈರು ಹಾಕಿಸುವ ಕಾಲ ಬಂದಿದೆ. ಈ ವಿಷಯ ಚಿಕ್ಕದೆಂದು ತೋರಬಹುದು. ಆದರೆ ಇದರಲ್ಲಿ ಬಡವನ ದುಡ್ಡೂ ಇದೆ, ಪ್ರಾಣವೂ ಇದೆ.

ಇತ್ತೀಚೆಗೆ ನಮ್ಮ ವಾಚಕರೊಬ್ಬರು ಕಚೇರಿಗೆ ಬಂದು ತಮ್ಮ ಅನುಭವವನ್ನು ಹೇಳಿಕೊಂಡರು. ಹದಿನಾಲ್ಕು ವರ್ಷ ಮಾಟುಂಗದ ಹೋಟೇಲೊಂದರಲ್ಲಿ ದುಡಿದವರು ಅವರು. ಈಗ ವಿದ್ಯುತ್ ಟ್ಯಾಕ್ಸಿ ಓಡಿಸುತ್ತಾರೆ. ಮುಂದಿನ ಎರಡು ಟೈರುಗಳು ಸವೆದುಹೋದಾಗ, "ಅಳತೆ ಒಂದೇ, ಬೆಲೆ ಮಾತ್ರ ಕಡಿಮೆ" ಎಂಬ ಅಂಗಡಿಯವನ ಮಾತನ್ನು ನಂಬಿ ಅಗ್ಗದ ಜೋಡಿಯನ್ನು ಹಾಕಿಸಿಕೊಂಡರಂತೆ. ಅಂದಿನಿಂದ ಚಾರ್ಜು ಮೊದಲಿನಷ್ಟು ದೂರಕ್ಕೆ ಬಾರದಾಯಿತು. ಮೊದಲ ಮಳೆಯಲ್ಲಿಯೇ ಬ್ರೇಕು ಹಾಕಿದಾಗ ಗಾಡಿ ಜಾರಿತು. ದೇವರ ದಯದಿಂದ ಯಾರಿಗೂ ಪೆಟ್ಟಾಗಲಿಲ್ಲ. "ಅಳತೆ ಒಂದೇ ಆಗಿದ್ದರೆ ಟೈರು ಒಂದೇ ಅಲ್ಲವೇ?" ಎಂದು ಅವರು ಕೇಳಿದರು. ಅಲ್ಲವೆಂಬುದೇ ನಮ್ಮ ಉತ್ತರ. ಏಕೆ ಅಲ್ಲವೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ವಿದ್ಯುತ್ ಕಾರು ಹೊರನೋಟಕ್ಕೆ ಪೆಟ್ರೋಲ್ ಕಾರಿನಂತೆಯೇ ಕಂಡರೂ ಗಾಲಿಯ ಮೇಲೆ ಅದು ಹೇರುವ ಹೊರೆ ಬೇರೆ. ನೆಲದಡಿಯ ಬ್ಯಾಟರಿಯಿಂದಾಗಿ ಅದರ ತೂಕ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಒಂದೆರಡು ನೂರು ಕಿಲೋದಷ್ಟು, ದೊಡ್ಡ ಕಾರುಗಳಲ್ಲಿ ಇನ್ನೂ ಹೆಚ್ಚು ಇರುತ್ತದೆ. ಪೆಟ್ರೋಲ್ ಇಂಜಿನು ಕ್ರಮೇಣ ಬಲ ಕೂಡಿಸಿಕೊಂಡರೆ, ವಿದ್ಯುತ್ ಮೋಟಾರು ಕಾಲಿಟ್ಟ ಕ್ಷಣವೇ ಪೂರ್ಣ ಬಲದಿಂದ ಗಾಲಿಯನ್ನು ತಿರುಗಿಸುತ್ತದೆ. ವೇಗ ತಗ್ಗಿಸುವಾಗಲೂ ಅದೇ ಮೋಟಾರು ಗಾಲಿಯನ್ನು ಹಿಡಿದು ನಿಲ್ಲಿಸಿ, ಆ ಚಲನೆಯಿಂದ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಈ ಎಲ್ಲ ಎಳೆದಾಟವನ್ನು ತಾಳಿಕೊಳ್ಳುವುದು ಅಂಗೈಯಗಲದಷ್ಟು ಜಾಗದಲ್ಲಿ ನೆಲವನ್ನು ಮುಟ್ಟಿರುವ ರಬ್ಬರು. ನಮ್ಮಲ್ಲಿ ಓಡುವ ಹೆಚ್ಚಿನ ಚಿಕ್ಕ ವಿದ್ಯುತ್ ಕಾರುಗಳಲ್ಲಿ ಮೋಟಾರು ಮುಂದಿನ ಗಾಲಿಗಳನ್ನೇ ಓಡಿಸುವುದರಿಂದ ಆ ಎರಡು ಟೈರುಗಳು ಬೇಗ ಸವೆಯುವುದು ಸಹಜ. ಸುಮಾರು 10,000 ಕಿ.ಮೀ.ಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಿಸುತ್ತ ಬಂದರೆ ನಾಲ್ಕೂ ಸಮನಾಗಿ ಸವೆದು ಹೆಚ್ಚು ಕಾಲ ಬರುತ್ತವೆ.

ಇನ್ನು ಅಳತೆಯ ಮಾತು. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಅಕ್ಷರ, ಅಂಕೆಗಳನ್ನು ಓದಬಲ್ಲವನನ್ನು ಯಾರೂ ಸುಲಭವಾಗಿ ವಂಚಿಸಲಾರರು. "215/60 ಆರ್ 16 95 ಎಚ್" ಎಂದಿದ್ದರೆ 215 ಮಿಲಿಮೀಟರ್ ಅಗಲ. ಮಗ್ಗುಲಿನ ಎತ್ತರ ಆ ಅಗಲದ ಶೇ. 60, ಆರ್ ಎಂದರೆ ರೇಡಿಯಲ್ ಕಟ್ಟಡ, 16 ಅಂಗುಲದ ಚಕ್ರ. ಅಂಗಡಿಯವನು "ಅಳತೆ ಒಂದೇ" ಎಂದಾಗ ಹೇಳುತ್ತಿರುವುದು ಇಷ್ಟನ್ನು ಮಾತ್ರ. ಅದರ ಮುಂದಿನ 95 ಎಂಬುದು ಭಾರದ ಸಂಕೇತ. ಆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರ 690 ಕಿಲೋ ಎಂದು ಅದರ ಅರ್ಥ. ಕೊನೆಯ ಎಚ್ ಎಂಬುದು ಗಂಟೆಗೆ 210 ಕಿ.ಮೀ.ವರೆಗಿನ ವೇಗಕ್ಕೆ ಅದು ತಕ್ಕುದೆಂದು ಸೂಚಿಸುತ್ತದೆ.

ಮೋಸವಾಗುವುದು ಈ ಭಾರದ ಅಂಕೆಯಲ್ಲಿಯೇ. ಚಿಕ್ಕ ಕಾರುಗಳಲ್ಲಿ ಬಳಕೆಯಲ್ಲಿರುವ 175/65 ಆರ್ 14 ಅಳತೆಯನ್ನು ನೋಡಿರಿ. ಇದೇ ಅಳತೆಯಲ್ಲಿ 82 ಎಂಬ ಸಂಕೇತದ ಟೈರೂ ದೊರೆಯುತ್ತದೆ, 86 ಎಂಬ ಸಂಕೇತದ ಬಲಪಡಿಸಿದ ಟೈರೂ ದೊರೆಯುತ್ತದೆ. ಎರಡನೆಯದರ ಮಗ್ಗುಲಲ್ಲಿ "ಎಕ್ಸ್.ಎಲ್." ಎಂದು ಬರೆದಿರುತ್ತದೆ. ಮೊದಲನೆಯದು ಹೊರುವುದು 475 ಕಿಲೋ, ಎರಡನೆಯದು 530 ಕಿಲೋ. ನಾಲ್ಕು ಗಾಲಿಗಳ ಲೆಕ್ಕ ಹಾಕಿದರೆ 1,900 ಕಿಲೋ ಒಂದು ಕಡೆ, 2,120 ಕಿಲೋ ಇನ್ನೊಂದು ಕಡೆ. ನಡುವಣ 220 ಕಿಲೋ ಎಂದರೆ ಮೂವರು ವಯಸ್ಕರ ತೂಕ! ಕಣ್ಣಿಗೆ ಎರಡೂ ಒಂದೇ ತೆರನಾದ ಕರಿಯ ಟೈರುಗಳು. ತಮ್ಮ ಕಾರಿಗೆ ಬೇಕಾದ ಅಂಕೆ ಯಾವುದೆಂಬುದು ಚಾಲಕನ ಬದಿಯ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಪಟ್ಟಿಯಲ್ಲಿಯೋ ಕಾರಿನೊಡನೆ ಬಂದ ಕೈಪುಸ್ತಕದಲ್ಲಿಯೋ ಇರುತ್ತದೆ. ಅಲ್ಲಿ ಹೇಳಿದುದಕ್ಕಿಂತ ಕಡಿಮೆ ಅಂಕೆಯ ಟೈರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಾಕಿಸಬಾರದು, ಹೆಚ್ಚಿನದಾದರೆ ಬಾಧಕವಿಲ್ಲ.

ನಮ್ಮವರಿಗೆ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯ. ನಗರದಲ್ಲಿ ಒಬ್ಬರೋ ಇಬ್ಬರೋ ಕುಳಿತು ಓಡಾಡುವ ಕಾರು, ಮೇ ತಿಂಗಳ ರಜೆ ಬಂತೆಂದರೆ ಐದು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಊರಿನ ದಾರಿ ಹಿಡಿಯುತ್ತದೆ. ಮುಂಬಯಿಯಿಂದ ಮಂಗಳೂರಿಗೆ ಸುಮಾರು 900 ಕಿ.ಮೀ.; ನಡುವೆ ಕೊಂಕಣದ ಏರಿಳಿತ, ಬಿಸಿಲಿಗೆ ಕಾದ ರಸ್ತೆ. ಹಿಂದಿರುಗುವಾಗ ತೆಂಗಿನಕಾಯಿ, ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಗಳ ಡಬ್ಬಿಗಳು ಬೇರೆ. ತಾಯಿ ಕಟ್ಟಿಕೊಟ್ಟುದನ್ನು ಬೇಡವೆನ್ನಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಭಾರ ಮೀರಿದ, ಗಾಳಿ ಕಡಿಮೆಯಿರುವ ಟೈರು ಬಿಸಿಲಿನಲ್ಲಿ ವೇಗವಾಗಿ ಓಡಿದಾಗ ಒಳಗೊಳಗೇ ಕಾದು ಸಿಡಿಯುತ್ತದೆ. ನಾಗಪುರ–ಮುಂಬಯಿ ಸಮೃದ್ಧಿ ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದಾಗ, 2023ರಲ್ಲಿ ಸಾರಿಗೆ ಅಧಿಕಾರಿಗಳು ಟೈರುಗಳನ್ನು ಪರೀಕ್ಷಿಸಿ, ಸವೆದ ಟೈರಿನ ವಾಹನಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಭಾರದ ನಂತರ ಗುಣದ ಪ್ರಶ್ನೆ. ಉರುಳುವಾಗ ಟೈರು ಕ್ಷಣಕ್ಷಣಕ್ಕೂ ಅದುಮಿ ಹಿಗ್ಗುತ್ತದೆ; ಅದರಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಈ ನಷ್ಟ ಕಡಿಮೆಯಿರುವ ಟೈರು ಹಗುರವಾಗಿ ಉರುಳಿ, ಒಂದೇ ಚಾರ್ಜಿನಲ್ಲಿ ಹೆಚ್ಚು ದೂರ ಕೊಂಡೊಯ್ಯುತ್ತದೆ. 200 ಕಿ.ಮೀ. ಓಡುವ ಟ್ಯಾಕ್ಸಿ ತಪ್ಪು ಟೈರಿನಿಂದ ನೂರಕ್ಕೆ ಐದರಷ್ಟು ಕಳೆದುಕೊಂಡರೂ ದಿನಕ್ಕೆ 10 ಕಿ.ಮೀ. ಕಳೆದಂತಾಯಿತು, ಅದು ಒಂದು ಬಾಡಿಗೆಯ ಪ್ರಯಾಣ. ಆದರೆ ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಹಗುರವಾಗಿ ಉರುಳುವುದು, ಒದ್ದೆ ನೆಲದಲ್ಲಿ ಬಿಗಿಯಾಗಿ ಹಿಡಿಯುವುದು, ಬೇಗ ಸವೆಯದಿರುವುದು, ಈ ಮೂರು ಗುಣಗಳು ಒಂದನ್ನೊಂದು ಎಳೆದಾಡುವಂಥವು. 1992ರಲ್ಲಿ ಮಿಶೆಲಿನ್ ಸಂಸ್ಥೆ ರಬ್ಬರಿಗೆ ಸಿಲಿಕಾ ಬೆರೆಸಿದ ಟೈರನ್ನು ಪೇಟೆಗೆ ತಂದ ಮೇಲೆ ಈ ವಿರೋಧ ಸಾಕಷ್ಟು ಕಡಿಮೆಯಾಯಿತಾದರೂ ಪೂರ್ತಿ ಅಳಿಯಲಿಲ್ಲ. ಒಳ್ಳೆಯ ಟೈರು ಮೂರನ್ನೂ ಹದವಾಗಿ ಕೂಡಿಸುತ್ತದೆ. ಅಗ್ಗದ ಟೈರು ಯಾವುದಾದರೊಂದನ್ನು ಬಲಿಗೊಡುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಈ ಕರಾವಳಿಯಲ್ಲಿ ಬಲಿಯಾಗಬಾರದ ಗುಣ ಒದ್ದೆ ನೆಲದ ಹಿಡಿತ. ಹತ್ತು ಕಿ.ಮೀ. ಕಡಿಮೆ ಓಡಿದರೆ ಮತ್ತೊಮ್ಮೆ ಚಾರ್ಜು ಮಾಡಬಹುದು. ಜಾರಿದ ಗಾಡಿಯನ್ನು ಹಿಂದಕ್ಕೆ ಕರೆಯಲಾಗದು. ಹೊಸ ಟೈರು ಹಾಕಿಸಿದ ಮೊದಲ ದಿನಗಳಲ್ಲಿ ದೂರ ತುಸು ಕಡಿಮೆಯಾದರೆ ಗಾಬರಿಯೂ ಬೇಡ. ಸವೆದ ಟೈರಿಗಿಂತ ದಪ್ಪ ರಬ್ಬರಿನ ಹೊಸ ಟೈರು ಸ್ವಲ್ಪ ಹೆಚ್ಚು ಶಕ್ತಿ ತಿನ್ನುವುದು ಸ್ವಾಭಾವಿಕ.

ಹಾಗಾದರೆ "ಇ.ವಿ." ಎಂದು ಅಚ್ಚಾದ ಟೈರನ್ನೇ ಕೊಳ್ಳಬೇಕೆ? ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಸರಿಯಾದ ಅಳತೆ, ಸರಿಯಾದ ಭಾರದ ಅಂಕೆ, ಹಗುರ ಉರುಳುವಿಕೆ, ಒದ್ದೆ ಹಿಡಿತ ಇವಿಷ್ಟೂ ಇದ್ದರೆ ಆ ಎರಡು ಅಕ್ಷರಗಳಿಲ್ಲದ ಟೈರೂ ಸಲ್ಲುತ್ತದೆ. ಇವಿಲ್ಲದಿದ್ದರೆ ಆ ಅಕ್ಷರಗಳಿಂದ ಪ್ರಯೋಜನವಿಲ್ಲ. ಇಂಜಿನಿನ ಸದ್ದಿಲ್ಲದ ಕಾರಿನಲ್ಲಿ ಟೈರಿನ ಸದ್ದು ಎದ್ದು ಕೇಳುವುದರಿಂದ ಕೆಲವು ದುಬಾರಿ ಟೈರುಗಳ ಒಳಗೆ ಸ್ಪಂಜಿನ ಪಟ್ಟಿಯನ್ನು ಅಂಟಿಸಿರುತ್ತಾರೆ. ಅದು ಸುಖದ ಮಾತು, ಸುರಕ್ಷಿತತೆಯದಲ್ಲ. ಪಂಕ್ಚರ್ ಆದಾಗ ತಿದ್ದುವುದೂ ತುಸು ತೊಡಕು. ನಮ್ಮಂಥವರು ಅದಕ್ಕಾಗಿ ಹಣ ಸುರಿಯಬೇಕಿಲ್ಲ.

ಗುಮಾಸ್ತ ಬಂಧುಗಳಿಗೆ ಲೆಕ್ಕದ ಭಾಷೆಯಲ್ಲಿಯೇ ಹೇಳೋಣ. ಉದಾಹರಣೆಗೆಂದು 4,000 ರೂಪಾಯಿಯ ಟೈರೊಂದು 25,000 ಕಿ.ಮೀ., 5,500 ರೂಪಾಯಿಯದು 45,000 ಕಿ.ಮೀ. ಬಾಳುತ್ತದೆಂದು ಹಿಡಿಯಿರಿ. ಮೊದಲನೆಯದಕ್ಕೆ ಕಿಲೋಮೀಟರಿಗೆ 16 ಪೈಸೆ ಬಿದ್ದರೆ ಎರಡನೆಯದಕ್ಕೆ ಬೀಳುವುದು 12 ಪೈಸೆಯ ಆಸುಪಾಸು. ಅಗ್ಗದ್ದು ಯಾವುದು? ಕಳಪೆ ಅಕ್ಕಿಯಿಂದ ಇಡ್ಲಿ ಮೆತ್ತಗಾಗದೆಂಬುದನ್ನೂ, ಮೂಟೆಯ ಮೇಲೆ ಉಳಿಸಿದ ದುಡ್ಡು ಗಿರಾಕಿ ತಿರುಗಿ ಬಾರದೆ ಹೋದಾಗ ಗಲ್ಲಾದಲ್ಲಿ ಕಳೆಯುತ್ತದೆಂಬುದನ್ನೂ ಹೋಟೇಲಿನವರಿಗೆ ನಾವು ಕಲಿಸಬೇಕಾಗಿಲ್ಲ. ಅದಲ್ಲದೆ 2025ರ ಸೆಪ್ಟೆಂಬರ 22ರಿಂದ ಟೈರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 4,000 ರೂಪಾಯಿಯ ಟೈರಿನಲ್ಲಿ ಇದರಿಂದ 400 ರೂಪಾಯಿ ಉಳಿಯುತ್ತದೆ. ಈ ಉಳಿತಾಯ ಗಿರಾಕಿಯ ಕೈಗೆ ಬಂದಿತೇ ಎಂಬುದನ್ನು ಬಿಲ್ಲು ನೋಡಿ ತಿಳಿಯಬೇಕು. ಬಿಲ್ಲಿಲ್ಲದೆ ಕೊಂಡ ಟೈರಿಗೆ ಗ್ಯಾರಂಟಿಯ ಹಕ್ಕನ್ನು ಸ್ಥಾಪಿಸುವುದೂ ಕಷ್ಟ.

ಅಂಗಡಿಗೆ ಹೋದಾಗ ಗಮನಿಸಬೇಕಾದ ಇನ್ನು ಕೆಲವು ಸಂಗತಿಗಳಿವೆ. ಕಾರಿನ ಟೈರಿಗೆ ಐ.ಎಸ್.ಐ. ಗುರುತು ಇರಲೇಬೇಕು. ಮಗ್ಗುಲಲ್ಲಿರುವ ನಾಲ್ಕಂಕೆಯ ಸಂಖ್ಯೆ ತಯಾರಾದ ಕಾಲವನ್ನು ತಿಳಿಸುತ್ತದೆ. 1425 ಎಂದಿದ್ದರೆ 2025ರ ಹದಿನಾಲ್ಕನೆಯ ವಾರ. ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದ ಟೈರನ್ನು ಹೊಸದೆಂದು ಒಪ್ಪಬೇಡಿ. ಎರಡನ್ನೇ ಕೊಳ್ಳುವುದಾದರೆ ಒಂದೇ ಜಾತಿಯ ಜೋಡಿಯನ್ನು ಕೊಂಡು ಹಿಂದಿನ ಗಾಲಿಗಳಿಗೆ ಹಾಕಿಸಿ, ಹಿಂದಿದ್ದ ಒಳ್ಳೆಯ ಟೈರುಗಳನ್ನು ಮುಂದಕ್ಕೆ ತರಿಸಿರಿ. ಇದು ವಿಚಿತ್ರವೆನಿಸಬಹುದು. ಆದರೆ ಮಳೆಯಲ್ಲಿ ಮುಂದಿನ ಗಾಲಿ ಜಾರಿದರೆ ಚಾಲಕನಿಗೆ ಕೂಡಲೆ ತಿಳಿದು ವೇಗ ತಗ್ಗಿಸಬಲ್ಲ. ಹಿಂದಿನದು ಜಾರಿದರೆ ಕಾರೇ ಗಿರ್ರನೆ ತಿರುಗುತ್ತದೆ. ಗಾಡಿಯನ್ನು ಎತ್ತುವಾಗ ಜಾಕನ್ನು ಗುರುತಿಸಿದ ಸ್ಥಳಕ್ಕೇ ಕೊಡಲು ಹೇಳಿರಿ. ಬೇರೆ ಕಡೆ ಕೊಟ್ಟರೆ ನೆಲದಡಿಯ ಬ್ಯಾಟರಿಯ ಪೆಟ್ಟಿಗೆಗೆ ಏಟು ಬೀಳುತ್ತದೆ. ಬ್ಯಾಟರಿಯ ಬೆಲೆಯ ಮುಂದೆ ಟೈರಿನ ಬೆಲೆ ಯಾವ ಲೆಕ್ಕ! ಗಾಳಿಯನ್ನು ಕಾರಿನ ಪಟ್ಟಿಯಲ್ಲಿ ಹೇಳಿದಷ್ಟೇ, ಟೈರು ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆ ನೋಡಿಸಿರಿ. ನೈಟ್ರೋಜನ್ನಿಗಾಗಿ ಬೇರೆ ದುಡ್ಡು ತೆರಬೇಕಿಲ್ಲ; ನಾವು ಉಸಿರಾಡುವ ಗಾಳಿಯಲ್ಲಿಯೇ ಶೇ. 78 ಅದೇ ಇದೆ.

ಹಾಗೆಂದು ಎಲ್ಲ ಹೊಣೆಯನ್ನೂ ಗಿರಾಕಿಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಉರುಳುವಿಕೆಯ ನಷ್ಟ, ಒದ್ದೆ ಹಿಡಿತ, ಸದ್ದು ಈ ಮೂರಕ್ಕೂ ಮಿತಿ ಗೊತ್ತುಪಡಿಸುವ ನಿಯಮವನ್ನು ಕೇಂದ್ರ ಸಾರಿಗೆ ಇಲಾಖೆ 2022ರಲ್ಲಿ ಹೊರಡಿಸಿತು. ಫ್ರಿಜ್ಜು, ಫ್ಯಾನುಗಳ ಮೇಲಿನ ನಕ್ಷತ್ರದ ಪಟ್ಟಿಯನ್ನು ಟೈರುಗಳಿಗೂ ವಿಸ್ತರಿಸಲಾಗಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಗಿರಾಕಿಗೆ ಅವನ ಭಾಷೆಯಲ್ಲಿ ಈ ವಿವರ ತಿಳಿಯದಿದ್ದರೆ ನಿಯಮದಿಂದೇನು ಫಲ? ಪ್ರತಿಯೊಂದು ಅಂಗಡಿಯಲ್ಲಿಯೂ ಭಾರದ ಅಂಕೆ ಮತ್ತು ಗುಣದರ್ಜೆಗಳ ಪಟ್ಟಿಯನ್ನು ಕಣ್ಣಿಗೆ ಬೀಳುವಂತೆ ತೂಗಹಾಕಬೇಕು. ಬಿಲ್ಲಿನಲ್ಲಿ ಅಳತೆಯೊಡನೆ ಭಾರದ ಅಂಕೆಯನ್ನೂ ಬರೆಯಬೇಕು. ಹಾಗೆಯೇ ದಿನಬಾಡಿಗೆಗೆ ವಿದ್ಯುತ್ ಟ್ಯಾಕ್ಸಿ ಕೊಡುವ ಮಾಲಿಕರು ಟೈರಿನ ವೆಚ್ಚ ಯಾರದೆಂಬುದನ್ನು ಕರಾರಿನಲ್ಲಿ ಸ್ಪಷ್ಟಪಡಿಸಬೇಕು. ಗಾಡಿ ಮಾಲಿಕನದು, ಲಾಭವೂ ಅವನದು, ಸವೆದ ಟೈರು ಮಾತ್ರ ಚಾಲಕನದು ಎಂಬ ಏರ್ಪಾಡು ನಡೆಯುವಲ್ಲೆಲ್ಲ, ಬಡ ಚಾಲಕ ಅಗ್ಗದ ಟೈರನ್ನೇ ಹುಡುಕುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಅದರ ಫಲವನ್ನು ಉಣ್ಣುವವರು ಅವನೂ, ಹಿಂದೆ ಕುಳಿತ ಪ್ರಯಾಣಿಕರೂ, ರಸ್ತೆ ದಾಟುವ ಪಾದಚಾರಿಗಳೂ.

ಟೈರಿನ ಗೀರುಗಳ ನಡುವೆ ಚಿಕ್ಕ ಉಬ್ಬುಗಳಿರುತ್ತವೆ. ರಬ್ಬರು ಸವೆದು ಆ ಉಬ್ಬುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ಕಾಯಿದೆ ಒಪ್ಪುವ ಕೊನೆಯ ಗೆರೆ ಅದು. ಮಳೆಗಾಲಕ್ಕೆ ಮುಂಚೆ ನಮ್ಮ ವಾಚಕರಲ್ಲಿ ಕಾರಿದ್ದವರು ತಮ್ಮ ಗಾಲಿಯ ಬಳಿ ಎರಡು ನಿಮಿಷ ಕುಳಿತು ಈ ಗೆರೆಯನ್ನೂ, ಮಗ್ಗುಲಿನ ಅಂಕೆಗಳನ್ನೂ ನೋಡಲಿ. ಕಾರಿಲ್ಲದವರು ಟ್ಯಾಕ್ಸಿ ಓಡಿಸುವ ತಮ್ಮ ತಮ್ಮನಿಗೋ ಅಣ್ಣನಿಗೋ ಇದನ್ನು ಓದಿ ಹೇಳಲಿ. ಊರಿನಲ್ಲಿ ದಾರಿ ನೋಡುತ್ತ ಕುಳಿತಿರುವ ತಾಯಿಗೆ ಮಗ ಯಾವ ಕಾರಿನಲ್ಲಿ ಬಂದನೆಂಬುದು ದೊಡ್ಡ ಮಾತಲ್ಲ. ಅವನು ಸುಖವಾಗಿ ಮನೆ ಸೇರಿದನೆಂಬುದೇ ದೊಡ್ಡ ಮಾತು.