ಲಿಂಬೆಯ ಗುಣ, ಪಾದರಸದ ವಿಷ

ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಸೀಮೆಯ ಲಿಂಬೆ ದೂರದ ಪೇಟೆಗಳಲ್ಲಿಯೂ ಹೆಸರಾದುದು. ಲಿಂಬೆ, ಪೇರಲ, ದಾಳಿಂಬೆ, ದ್ರಾಕ್ಷಿಗಳು ದೇಹಕ್ಕೆ ಹಿತಕರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂಥ ಹಣ್ಣುಗಳನ್ನು ತಿನ್ನುವವರ ಮಿದುಳನ್ನು ಪಾದರಸದ ವಿಷವೂ ಮುಟ್ಟಲಾರದೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಇದರಲ್ಲಿ ಸತ್ಯವೆಷ್ಟು, ಆಸೆಯೆಷ್ಟು ಎಂಬುದನ್ನು ವಿದ್ಯಾರ್ಥಿಗಳು ವಿಚಾರಿಸಿ ನೋಡುವುದು ಅವಶ್ಯ.

ಪಾದರಸಕ್ಕೆ ಗಂಧಕದ ಮೇಲೆ ಬಲು ಒಲವು. ಜೀವಕೋಶದ ಪ್ರೋಟೀನುಗಳಲ್ಲಿ ಗಂಧಕವಿರುವೆಡೆ ಅದು ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತದೆ. ಕೋಶವನ್ನು ಕಾಯುವ ಗ್ಲುಟಾಥಯೋನ್ ಎಂಬ ವಸ್ತುವನ್ನೂ ಹೀಗೆಯೇ ಬಂಧಿಸುತ್ತದೆ. ಕಾವಲುಗಾರನೇ ಸೆರೆಸಿಕ್ಕ ಮೇಲೆ ಆಮ್ಲಜನಕದ ಉಗ್ರ ರೂಪಗಳು ನರಕೋಶಗಳನ್ನು ಘಾಸಿಗೊಳಿಸುತ್ತವೆ. ವಿಟಮಿನ್ ಸಿ ಮೊದಲಾದ ಉತ್ಕರ್ಷಣ ನಿರೋಧಕಗಳು ಈ ಉಗ್ರತೆಯನ್ನು ತಣಿಸಬಲ್ಲವು. ಪ್ರಯೋಗಶಾಲೆಯ ಇಲಿಗಳಲ್ಲಿ ಇಂಥ ವಸ್ತುಗಳಿಂದ ಹಾನಿ ಕೆಲಮಟ್ಟಿಗೆ ತಗ್ಗಿದುದುಂಟು. ಬ್ರೆಜಿಲಿನ ತಪಜೋಸ್ ನದಿಯ ದಡದಲ್ಲಿ ಮೀನುಣ್ಣುವ ಹೆಂಗಸರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹೆಚ್ಚು ಹಣ್ಣು ತಿಂದವರ ಕೂದಲಲ್ಲಿ ಪಾದರಸ ಕಡಿಮೆಯಿತ್ತು. ಆದರೆ ಪರೀಕ್ಷೆಗೊಳಗಾದವರು 26 ಮಂದಿ ಮಾತ್ರ. ಅವರ ಮಿದುಳು ರಕ್ಷಿತವಾಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಸ್ಕರ್ವಿ ಹಿಡಿದ 12 ನಾವಿಕರಲ್ಲಿ ಇಬ್ಬರಿಗೆ ಕಿತ್ತಳೆ, ಲಿಂಬೆಗಳನ್ನು ಕೊಟ್ಟಾಗ ಅವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಸ್ಕರ್ವಿ ಕೊರತೆಯ ರೋಗ. ಕೊರತೆಯನ್ನು ತುಂಬಿದರೆ ರೋಗ ಹೋಯಿತು. ಪಾದರಸದ ಬಾಧೆಯಾದರೋ ಹೊರಗಿನಿಂದ ಒಳಹೊಕ್ಕ ವಿಷದಿಂದ ಬಂದುದು. ಕಾಲಿಗೆ ಮುಳ್ಳು ಹೊಕ್ಕಿರುವಾಗ ಮೇಲೆ ಎಣ್ಣೆ ಸವರಿದರೆ ಉರಿ ತುಸು ತಗ್ಗೀತು, ಮುಳ್ಳು ಹೊರಬಾರದು.

ಜಪಾನಿನ ಮಿನಮಾತ ಕೊಲ್ಲಿಗೆ ಕಾರ್ಖಾನೆಯೊಂದು ಹರಿಯಬಿಟ್ಟ ಪಾದರಸ ಮೀನುಗಳ ಮೂಲಕ ಜನರ ಮಿದುಳನ್ನು ಸೇರಿತು. 1956ರಲ್ಲಿ ಬೆಳಕಿಗೆ ಬಂದ ಆ ರೋಗ ಗರ್ಭದಲ್ಲಿದ್ದ ಶಿಶುಗಳನ್ನೂ ಬಿಡಲಿಲ್ಲ. ಅಲ್ಲಿಂದ ಲೋಕ ಕಲಿತ ಪಾಠ ಪಥ್ಯದ್ದಲ್ಲ, ವಿಷದ ಮೂಲವನ್ನೇ ತಡೆಯುವುದು. ಆ ಊರಿನ ಹೆಸರಿನ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಸಹಿ ಬಿದ್ದಿತು. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು.

ನಮ್ಮ ಒಣಸೀಮೆಗೂ ಪಾದರಸಕ್ಕೂ ಏನು ಸಂಬಂಧವೆಂದು ಕೇಳಬಹುದು. ಹಳೆಯ ಜ್ವರಮಾಪಕ, ವೈದ್ಯರ ರಕ್ತದೊತ್ತಡದ ಉಪಕರಣ, ಶಾಲೆಯ ವಾಯುಭಾರಮಾಪಕ, ಉದ್ದನೆಯ ಟ್ಯೂಬ್ ದೀಪ ಇವುಗಳಲ್ಲಿ ಪಾದರಸವಿರುತ್ತದೆ. ಜ್ವರಮಾಪಕ ಒಡೆದಾಗ ಹೊಳೆಯುವ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ಆಡುವ ಹುಡುಗರು ಎಷ್ಟಿಲ್ಲ! ಉಸಿರಿನೊಡನೆ ಒಳಹೋದ ಪಾದರಸದ ಆವಿಯಲ್ಲಿ ನೂರಕ್ಕೆ ಸುಮಾರು 80 ಪಾಲು ದೇಹದಲ್ಲಿ ಉಳಿಯುತ್ತದೆ. ಅದರಲ್ಲಿ ಒಂದು ಪಾಲು ಮಿದುಳಿಗೂ ಸೇರುತ್ತದೆ. ಆದುದರಿಂದ ಪಾದರಸ ಚೆಲ್ಲಿದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆಯಬೇಕು. ಕಸಬರಿಗೆ ಹಿಡಿದು ಗುಡಿಸದೆ, ದಪ್ಪ ಕಾಗದದಿಂದ ಗುಂಡುಗಳನ್ನು ಕೂಡಿಸಿ, ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು. ಮೋರಿಗೆ ಚೆಲ್ಲಕೂಡದು.

ಪಾದರಸವಿಲ್ಲದ ಉಪಕರಣಗಳು ಈಗ ಎಲ್ಲೆಡೆ ದೊರೆಯುತ್ತವೆ. ಶಾಲೆ, ಆಸ್ಪತ್ರೆಗಳು ಅವನ್ನೇ ಬಳಸುವಂತೆ ನಾವು ಕೇಳಬೇಕು. ಲಿಂಬೆಯನ್ನು ಆರೋಗ್ಯಕ್ಕಾಗಿ, ರುಚಿಗಾಗಿ ಧಾರಾಳವಾಗಿ ಬಳಸೋಣ. ಆದರೆ ಅದರ ಭರವಸೆಯಲ್ಲಿ ಎಚ್ಚರಿಕೆಯನ್ನು ಕೈಬಿಡುವುದು ವಿವೇಕವಲ್ಲ.